ಬ್ಯಾಟರಿಯ ಮುಪ್ಪು

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಯಜಮಾನರಿಗೆ ಈಗ ಎಪ್ಪತ್ತರ ಮೇಲೆ ಪ್ರಾಯ. ಕೆಂಪು ರಟ್ಟಿನ ಉದ್ದನೆಯ ಖಾತೆಪುಸ್ತಕದಲ್ಲಿ ಲೆಕ್ಕ ಬರೆಯುತ್ತ ಬೆಳೆದವರು ಅವರು. ಮಗನ ಒತ್ತಾಯಕ್ಕೆ ಸ್ಮಾರ್ಟ್‌ಫೋನನ್ನು ಹಿಡಿದರಾದರೂ, ಒಮ್ಮೆ ಕೈಗೆ ಒಗ್ಗಿದ ಬಳಿಕ ಅದನ್ನೂ ತಕ್ಕಡಿಯಷ್ಟೇ ನಂಬಿದರು. ಹಾಗೆ ನಂಬಿದ ವಸ್ತು ನಾಲ್ಕನೆಯ ವರ್ಷದಲ್ಲಿ ತೊಡಕು ಕೊಡಲಾರಂಭಿಸಿತು. ಒತ್ತಿದ್ದು ತೆರೆಯಲು ತಡವಾಗುವುದು, ಮಾತಿನ ನಡುವೆ ಬಿಸಿಯಾಗುವುದು, ಎಲ್ಲಕ್ಕೂ ಮಿಗಿಲಾಗಿ, ಪರದೆಯ ಮೂಲೆಯಲ್ಲಿ ಇನ್ನೂ 30 ಪ್ರತಿಶತ ಎಂದು ತೋರಿಸುತ್ತಿರುವಾಗಲೇ ಇದ್ದಕ್ಕಿದ್ದಂತೆ ಆರಿಹೋಗುವುದು. ಇಂಥ ಸಂದರ್ಭಗಳಲ್ಲಿ ವಯಸ್ಸಾದವರು ತಮ್ಮ ಕೈಯ ತಪ್ಪೇ ಇರಬೇಕೆಂದು ಭಾವಿಸಿ ಸುಮ್ಮನಾಗುವುದುಂಟು. ಯಜಮಾನರೂ ಸುಮ್ಮನಾದರು.

ಒಂದು ಸಂಜೆ, ಬಹುಕಾಲದ ಪರಿಚಯದ ರೈತರೊಬ್ಬರ ಕೊಬ್ಬರಿ ತೂಕವಾಗಿ, ಅವರಿಗೆ 38,400 ರೂಪಾಯಿ ಸಲ್ಲಬೇಕಾಗಿತ್ತು. ಯಜಮಾನರು ಯುಪಿಐ ಮೂಲಕ ಮೊತ್ತವನ್ನು ನಮೂದಿಸಿ, ಗುಪ್ತಸಂಖ್ಯೆಯನ್ನೂ ಒತ್ತಿದರು. ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗಿತು. ಅಷ್ಟರಲ್ಲಿ ಫೋನು ಆರಿತು. ಚಾರ್ಜರಿಗೆ ಹಚ್ಚಿ ಅದನ್ನು ಮತ್ತೆ ಎಬ್ಬಿಸುವ ಹೊತ್ತಿಗೆ ಹತ್ತು ನಿಮಿಷ ಕಳೆದಿತ್ತು. ಎದ್ದ ಕೂಡಲೇ ಬ್ಯಾಂಕಿನ ಸಂದೇಶ ಬಂದಿತು; ಖಾತೆಯಿಂದ 38,400 ರೂಪಾಯಿ ಕಳೆಯಲಾಗಿತ್ತು. ರೈತರ ಫೋನಿಗೆ ಏನೂ ಬರಲಿಲ್ಲ.

“ಸಾಹುಕಾರ್ರೇ, ನನಗೆ ಬಂದಿಲ್ಲ” ಎಂದರು ಅವರು.

“ಇಲ್ಲಿಂದ ಹೋಗಿದೆಯಲ್ಲಪ್ಪಾ. ಹೋದದ್ದು ಬರದೆ ಎಲ್ಲಿಗೆ ಹೋಗುತ್ತದೆ? ಸರಿಯಾಗಿ ನೋಡು” ಎಂದ ಯಜಮಾನರ ಮಗ.

ಮಾತಿನಲ್ಲಿ ಬೈಗುಳವಿರಲಿಲ್ಲ. ಆದರೆ ಅದುವರೆಗೆ ಆ ರೈತರನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದವನು ಆ ಹೊತ್ತು ಏಕವಚನಕ್ಕೆ ಇಳಿದಿದ್ದ. ಸುತ್ತ ನಿಂತಿದ್ದ ಹಮಾಲರು ಅದನ್ನು ಕೇಳಿಸಿಕೊಂಡರು. ರೈತರು ತಮ್ಮ ಫೋನನ್ನು ಇನ್ನೊಮ್ಮೆ ನೋಡಿ, ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಕೊನೆಯ ಬಸ್ಸಿಗೆ ಹೊರಟರು. ಯಜಮಾನರು ಏನೂ ಹೇಳಲಿಲ್ಲ. ಅಂದು ರಾತ್ರಿ ಅವರಿಗೆ ನಿದ್ದೆ ಬಾರದಿದ್ದುದಕ್ಕೆ ಹೋದ ಹಣಕ್ಕಿಂತ ಆ ಮೌನವೇ ಹೆಚ್ಚು ಕಾರಣವಾಗಿತ್ತು.

ಇನ್ನೂ ಮೂವತ್ತು ಉಳಿದಿರುವಾಗ ಫೋನು ಆರುವುದೇಕೆ? ಇದನ್ನು ತಿಳಿಯಲು ಒಳಗಿರುವ ಲಿಥಿಯಂ-ಅಯಾನ್ ಬ್ಯಾಟರಿಯ ಸ್ವಭಾವವನ್ನು ಸ್ವಲ್ಪ ಅರಿಯಬೇಕಾಗುತ್ತದೆ. ಸೋನಿ ಸಂಸ್ಥೆ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿಯ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಎನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಚಾರ್ಜು ಮಾಡುವಾಗ ಲಿಥಿಯಂನ ಕಣಗಳು ಒಂದು ಧ್ರುವದಿಂದ ಹೊರಟು ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಈ ಹೋಗುಬರುವಿಕೆಯಲ್ಲಿ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಕಟ್ಟುತ್ತದೆ. ಆರಂಭದಲ್ಲಿ ಆ ಪೊರೆ ರಕ್ಷಕವೇ. ಆದರೆ ವರ್ಷಗಳು ಉರುಳಿದಂತೆ ಅದು ದಪ್ಪವಾಗುತ್ತ ಲಿಥಿಯಂನ ಒಂದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಎರಡು ನಷ್ಟಗಳು ಒಟ್ಟಿಗೆ ಸಂಭವಿಸುತ್ತವೆ: ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಪ್ರಮಾಣ ಕುಗ್ಗುತ್ತದೆ, ಮತ್ತು ಅದರ ಒಳರೋಧ ಏರುತ್ತದೆ.

ಮೊದಲನೆಯ ನಷ್ಟವನ್ನು ಎಲ್ಲರೂ ಗುರುತಿಸುತ್ತಾರೆ. ದಿನಕ್ಕೆ ಒಮ್ಮೆ ಚಾರ್ಜು ಮಾಡುತ್ತಿದ್ದವರು ಎರಡು ಬಾರಿ ಮಾಡತೊಡಗುತ್ತಾರೆ. ಕಾಣದೆ ಕಾಡುವುದು ಎರಡನೆಯದು. ಹಳೆಯ ಕೊಳವೆಯ ಒಳಗೆ ಪಾಚಿ ಕಟ್ಟಿದೆ ಎಂದಿಟ್ಟುಕೊಳ್ಳೋಣ. ತೊಟ್ಟಿಯಲ್ಲಿ ನೀರಿದೆ, ಸಣ್ಣಗೆ ಬಿಟ್ಟರೆ ಬರುತ್ತದೆ, ಒಮ್ಮೆಗೇ ಹೆಚ್ಚು ಬೇಕೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಬರುವುದಿಲ್ಲ. ಫೋನಿನ ಮೂಲೆಯ ಅಂಕಿ ತೊಟ್ಟಿಯಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಅಂದಾಜು ಮಾಡಿ ಹೇಳುತ್ತದೆ. ಪರದೆ ಪ್ರಖರವಾಗಿರುವಾಗ, ಜಾಲದ ಸಂಪರ್ಕ ದುರ್ಬಲವಿದ್ದು ಫೋನು ಶ್ರಮಪಡುತ್ತಿರುವಾಗ, ಕ್ಯಾಮೆರಾ ತೆರೆದಾಗ, ಒಮ್ಮೆಲೇ ಬೇಡಿಕೆ ಏರಿ ಮುಪ್ಪಾದ ಬ್ಯಾಟರಿಯ ವೋಲ್ಟೇಜು ಕುಸಿಯುತ್ತದೆ. ನಿಗದಿತ ಮಿತಿಗಿಂತ ಕೆಳಗಿಳಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ಆರಿಹೋಗುತ್ತದೆ. ಚಳಿಯಲ್ಲಿ ಇದು ಇನ್ನೂ ಹೆಚ್ಚು.

ಹೀಗೆ ಮುಪ್ಪಾಗುವುದು ಬ್ಯಾಟರಿಯ ಧರ್ಮ. ಅದನ್ನು ಯಾರ ವಂಚನೆಯೆಂದೂ ಹೇಳಲಾಗದು. ವಂಚನೆಯ ಪ್ರಶ್ನೆ ಏಳುವುದು ಅದನ್ನು ಕೊಳ್ಳುವವನಿಗೆ ತಿಳಿಸಲಾಯಿತೇ, ಮುಚ್ಚಿಡಲಾಯಿತೇ ಎಂಬಲ್ಲಿ. ಈ ವಿಷಯದಲ್ಲಿ ಎರಡು ಘಟನೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವುದು ಉಚಿತ. 2007ರ ಆಗಸ್ಟ್‌ನಲ್ಲಿ ನೋಕಿಯಾ ಸಂಸ್ಥೆ ತನ್ನ ಬಿಎಲ್-5ಸಿ ಎಂಬ ಬ್ಯಾಟರಿಗಳ ಪೈಕಿ, ಇನ್ನೊಬ್ಬ ತಯಾರಕರಿಂದ ಮಾಡಿಸಿಕೊಂಡಿದ್ದ ಸುಮಾರು 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜು ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ತಾನೇ ಪ್ರಕಟಿಸಿ, ಬೇಕೆಂದವರಿಗೆ ಉಚಿತವಾಗಿ ಬದಲಿಸಿಕೊಡುವುದಾಗಿ ಹೇಳಿತು. ಆಗ ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣಗಳು ಸುಮಾರು ನೂರು ಮಾತ್ರ. ನಮ್ಮ ಊರುಗಳಲ್ಲೂ ಜನ ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಬ್ಯಾಟರಿಯ ಮೇಲಿನ ಅಂಕಿಗಳನ್ನು ಓದಿ ಗಾಬರಿಪಟ್ಟದ್ದುಂಟು. ಗಾಬರಿಯಾಯಿತು, ನಿಜ, ಆದರೆ ಸತ್ಯವನ್ನು ಮಾರಿದವನೇ ಹೇಳಿದ್ದ.

ಹತ್ತು ವರ್ಷಗಳ ನಂತರದ್ದು ಬೇರೆ ಬಗೆ. ಆ್ಯಪಲ್ ಸಂಸ್ಥೆ 2017ರ ಆರಂಭದಲ್ಲಿ ಕಳಿಸಿದ ತಂತ್ರಾಂಶದ ಪರಿಷ್ಕರಣೆಯೊಂದು, ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ತಗ್ಗಿಸುತ್ತಿತ್ತು. ಹಠಾತ್ತನೆ ಆರಿಹೋಗುವುದನ್ನು ತಪ್ಪಿಸಲು ಬೇಡಿಕೆಯನ್ನೇ ಕಡಿಮೆ ಮಾಡುವುದು ಅದರ ಉದ್ದೇಶ. ತಂತ್ರದ ದೃಷ್ಟಿಯಿಂದ ಅದು ಸಮಂಜಸವೇ ಆಗಿತ್ತೆಂಬುದನ್ನು ಒಪ್ಪಬೇಕು. ಆದರೆ ಬಳಸುವವರಿಗೆ ಅದನ್ನು ಸ್ಪಷ್ಟವಾಗಿ ತಿಳಿಸಿರಲಿಲ್ಲ. ಫೋನು ನಿಧಾನವಾಯಿತೆಂದು ಎಷ್ಟೋ ಮಂದಿ ಹೊಸದನ್ನು ಕೊಂಡಿರಬಹುದು; ಬ್ಯಾಟರಿಯೊಂದನ್ನು ಬದಲಿಸಿದ್ದರೆ ಸಾಕಾಗುತ್ತಿತ್ತೆಂದು ಅವರಿಗೆ ತಿಳಿಯುವ ಬಗೆ ಹೇಗೆ? ಹೊರಗಿನವರು ಪರೀಕ್ಷಿಸಿ ತೋರಿಸಿದ ಮೇಲೆ, 2017ರ ಡಿಸೆಂಬರಿನಲ್ಲಿ ಸಂಸ್ಥೆ ಒಪ್ಪಿಕೊಂಡು ಕ್ಷಮೆ ಕೋರಿತು. ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರಲ್ಲಿ ಫ್ರಾನ್ಸ್ ದೇಶ ಇದೇ ಕಾರಣಕ್ಕೆ 2 ಕೋಟಿ 50 ಲಕ್ಷ ಯೂರೋ ದಂಡ ವಿಧಿಸಿತು. ಸರಕಿನ ದೋಷಕ್ಕಿಂತ ದೋಷವನ್ನು ಬಲ್ಲವನ ಮೌನಕ್ಕೆ ಬಿದ್ದ ದಂಡವಿದು. ಮಂಡಿಯಲ್ಲಿ ಒದ್ದೆ ಕೊಬ್ಬರಿಯನ್ನು ಒಣಗಿದ್ದೆಂದು ಹೇಳಿ ಮಾರುವವನೂ, ಕೇಳಲಿಲ್ಲವಲ್ಲ ಎಂದು ಸುಮ್ಮನೆ ಮಾರುವವನೂ ಒಂದೇ ಸಾಲಿನವರು.

ಯಜಮಾನರ ಫೋನು ಆ ಸಂಸ್ಥೆಯದಲ್ಲ. ಮರುದಿನ ಬೆಳಿಗ್ಗೆ ಅವರು ಅದನ್ನು ಹಿಡಿದು ಪೇಟೆಯ ದೊಡ್ಡ ಅಂಗಡಿಗೆ ಹೋದರು. ಅಲ್ಲಿನ ಹುಡುಗ ಕೈಗೆ ತೆಗೆದುಕೊಂಡು, ತೆರೆಯದೆಯೇ, “ತಾತಾ, ಮದರ್‌ಬೋರ್ಡ್ ಹೋಗಿದೆ. ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ” ಎಂದ. ಎರಡನೆಯ ಕಡೆ, ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಕುಳಿತಿದ್ದಾತ ಮೂರು ಪ್ರಶ್ನೆ ಕೇಳಿದ. ಎಷ್ಟು ವರ್ಷವಾಯಿತು? ಎಷ್ಟರಲ್ಲಿ ಆರುತ್ತದೆ? ಚಾರ್ಜರಿಗೆ ಹಚ್ಚಿಟ್ಟಾಗಲೂ ಆರುತ್ತದೆಯೇ? ಹಚ್ಚಿಟ್ಟಾಗ ಆರುವುದಿಲ್ಲವೆಂದು ಕೇಳಿದ ಕೂಡಲೇ, “ಬ್ಯಾಟರಿ ಯಜಮಾನ್ರೇ, ಬೇರೇನಿಲ್ಲ” ಎಂದ. ಮೂರನೆಯ ಆ ಪ್ರಶ್ನೆಯನ್ನು ಓದುಗರೂ ನೆನಪಿಟ್ಟುಕೊಳ್ಳಬಹುದು. ಹಿಂಬದಿಯ ಮುಚ್ಚಳ ಉಬ್ಬಿದಂತೆ ಕಂಡರೆ ಮಾತ್ರ ಯಾವ ಪ್ರಶ್ನೆಗೂ ಕಾಯದೆ ಬಳಕೆಯನ್ನು ನಿಲ್ಲಿಸಬೇಕು. ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನವಿತ್ತಂತೆ.

ದುರಸ್ತಿಯವನ ಕೈಗೆ ಫೋನು ಕೊಡುವುದೆಂದರೆ ಇಂದು ಮನೆಯ ಬೀಗದ ಕೈಯನ್ನು ಕೊಟ್ಟಂತೆ. ಬ್ಯಾಂಕು, ಪತ್ರ, ಭಾವಚಿತ್ರ ಎಲ್ಲವೂ ಅದರೊಳಗಿವೆ. ಬ್ಯಾಟರಿಯನ್ನು ಬದಲಿಸಲು ಫೋನಿನ ಬೀಗದ ಸಂಖ್ಯೆ ಬೇಕಾಗಿಲ್ಲ. ಕೇಳಿದರೂ ಬರೆದುಕೊಡದೆ, ಎದುರಿಗೇ ಕುಳಿತು ತಾವೇ ತೆರೆದು ತೋರಿಸುವುದು ಕ್ಷೇಮ. 2022ರಿಂದೀಚೆಗೆ ಕೆಲವು ತಯಾರಕರು ದುರಸ್ತಿಯ ಹೊತ್ತಿನಲ್ಲಿ ಸ್ವಂತ ಮಾಹಿತಿಯನ್ನು ಮರೆಮಾಡುವ ಏರ್ಪಾಟನ್ನು ಫೋನಿನಲ್ಲೇ ಮಾಡಿದ್ದಾರೆ. ಗೂಡಂಗಡಿಯಾತ ಸಂಖ್ಯೆಯನ್ನು ಕೇಳಲೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ, ತೆಗೆದ ಹಳೆಯ ಬ್ಯಾಟರಿಯನ್ನು ಯಜಮಾನರ ಕಣ್ಣೆದುರು ಇಟ್ಟ. ಹೋಗುವ ಮುನ್ನ, ಚಾರ್ಜರು ಸರಿಯಾಗಿ ಕೂರುತ್ತಿಲ್ಲವೆಂಬ ಇನ್ನೊಂದು ದೂರಿಗೂ ಮದ್ದು ಮಾಡಿದ. ಫೋನನ್ನು ಆರಿಸಿ, ಒಣ ಮರದ ಸಣ್ಣ ಕಡ್ಡಿಯಿಂದ ಕೆಳಗಿನ ರಂಧ್ರವನ್ನು ನವಿರಾಗಿ ಕೆದಕಿದಾಗ, ಅಂಗಿಯ ಜೇಬಿನ ನೂಲು, ಮಂಡಿಯ ಧೂಳು ಉಂಡೆಯಾಗಿ ಹೊರಬಂದವು. ಅದಕ್ಕೆ ಅವನು ಹಣ ತೆಗೆದುಕೊಳ್ಳಲಿಲ್ಲ.

ದಿನಬಳಕೆಯ ಬಹಳಷ್ಟು ತೊಂದರೆಗಳು ಈ ಧೂಳಿನ ಉಂಡೆಯಷ್ಟೇ ಸಣ್ಣವು. ಜಾಗ ತುಂಬಿತೆಂಬ ಸೂಚನೆಗೆ ಹೆಚ್ಚಿನವರ ಮನೆಯಲ್ಲಿ ಕಾರಣ ಪ್ರತಿ ಮುಂಜಾನೆ ಬರುವ ಹೂವು, ಸೂರ್ಯೋದಯ, ಶುಭೋದಯದ ಚಿತ್ರಗಳು. ಗೂಗಲ್ ಸಂಸ್ಥೆಯ ಸಂಶೋಧಕರೂ ಭಾರತದ ಫೋನುಗಳು ತುಂಬಿ ನಿಲ್ಲುವುದಕ್ಕೆ ಇದನ್ನೇ ಕಾರಣವಾಗಿ ಕಂಡದ್ದು 2018ರಲ್ಲಿ ಸುದ್ದಿಯಾಗಿತ್ತು. ಬಂದ ಚಿತ್ರಗಳೆಲ್ಲ ತಾವಾಗಿಯೇ ಉಳಿಯುವ ಏರ್ಪಾಟನ್ನು ವಾಟ್ಸಾಪ್‌ನಲ್ಲಿ ನಿಲ್ಲಿಸಿದರೆ ಆಯಿತು. ಶುಭ ಹಾರೈಸಿದವರಿಗೆ ಬೇಸರವೇನೂ ಆಗದು. ಒದ್ದೆ ಬೆರಳಿಗೆ ಪರದೆ ತಪ್ಪು ತಿಳಿಯುವುದು ಅದರ ಕೆಡುಕಲ್ಲ: ಅದು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ, ನೀರಿಗೂ ಆ ಗುಣವಿದೆ. ಇನ್ನು ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿ ಮನೆಮನೆಯಲ್ಲೂ ಇದೆ. ಅಕ್ಕಿಯ ಕಣಗಳು ಒಳಹೊಕ್ಕು ಹಾನಿ ಮಾಡಬಹುದೆಂದು ತಯಾರಕರೇ ಎಚ್ಚರಿಸಿದ್ದಾರೆ; ರಂಧ್ರವನ್ನು ಕೆಳಮುಖ ಮಾಡಿ ನೀರು ಇಳಿಸಿ, ಗಾಳಿಯಾಡುವಲ್ಲಿ ಒಣಗಲು ಬಿಡುವುದು ಉತ್ತಮ. ಅಕ್ಕಿಯೂ ಉಳಿಯುತ್ತದೆ.

ಕಾನೂನು ಕೂಡ ನಿಧಾನವಾಗಿ ಈ ಕಡೆ ಬರುತ್ತಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಫೋನುಗಳ ಬ್ಯಾಟರಿ 800 ಬಾರಿ ಪೂರ್ಣವಾಗಿ ತುಂಬಿ ಬರಿದಾದ ಮೇಲೂ ಮೂಲ ಸಾಮರ್ಥ್ಯದ 80 ಪ್ರತಿಶತವನ್ನು ಉಳಿಸಿಕೊಂಡಿರಬೇಕೆಂಬ ನಿಯಮ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಮಾಹಿತಿಯ ತಾಣವೊಂದನ್ನು ತೆರೆಯಿತು. ಬಸ್ ನಿಲ್ದಾಣದೆದುರಿನ ಗೂಡಂಗಡಿಗೆ ಈ ಹಕ್ಕು ತಲುಪಲು ಇನ್ನೂ ದೂರ ಕ್ರಮಿಸಬೇಕಾಗಿದೆ.

ಆ 38,400 ರೂಪಾಯಿಯ ಸಂಗತಿ ಹೀಗೆ. ಗುಪ್ತಸಂಖ್ಯೆ ಫೋನನ್ನು ದಾಟಿದ ಮೇಲೆ ಉಳಿದ ವ್ಯವಹಾರವೆಲ್ಲ ಬ್ಯಾಂಕುಗಳ ನಡುವಿನದು; ಫೋನು ಆರಿದರೂ ಅದು ನಡೆಯುತ್ತದೆ. ಅಂದು ಒಂದು ಬ್ಯಾಂಕು ಹಣವನ್ನು ಕಳೆಯಿತು, ಇನ್ನೊಂದಕ್ಕೆ ಅದು ಸೇರಲಿಲ್ಲ. ಆರದೆ ಇದ್ದಿದ್ದರೆ ಪರದೆ ‘ಬಾಕಿ ಇದೆ’ ಎಂದು ತೋರಿಸುತ್ತಿತ್ತು. ಫೋನು ಎದ್ದ ಮೇಲಾದರೂ ಯುಪಿಐ ಪುಟದಲ್ಲಿ ಅದನ್ನು ನೋಡಬಹುದಾಗಿತ್ತು. ಮಗ ಬ್ಯಾಂಕಿನ ಒಂದು ಸಾಲನ್ನಷ್ಟೇ ಓದಿ ತೀರ್ಪು ಕೊಟ್ಟಿದ್ದ. ಹೀಗೆ ನಡುದಾರಿಯಲ್ಲಿ ನಿಂತ ಹಣ ವ್ಯವಹಾರದ ಮರುದಿನದೊಳಗೆ ತಾನಾಗಿ ಕಳಿಸಿದವರ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲೇ ಆದೇಶಿಸಿತ್ತು. ಅದರಂತೆ ಮರುದಿನ ಮಧ್ಯಾಹ್ನ, ಹೊಸ ಬ್ಯಾಟರಿ ಹಾಕಿಸಿಕೊಂಡ ಫೋನಿಗೆ ಸಂದೇಶ ಬಂದಿತು. ಪೂರ್ತಿ ಮೊತ್ತ ಮರಳಿತ್ತು.

ಮತ್ತೆ ಫೋನಿನಲ್ಲೇ ಕಳಿಸಿಬಿಡೋಣವೆಂದ ಮಗ. ಯಜಮಾನರು ಬೇಡವೆಂದರು. ಪೆಟ್ಟಿಗೆಯಿಂದ ನೋಟುಗಳನ್ನು ತೆಗೆದು ಮಗನ ಕೈಗೆ ಕೊಟ್ಟು, ಅವನನ್ನೂ ಕರೆದುಕೊಂಡು ರೈತರ ಊರಿನ ಬಸ್ಸು ಹತ್ತಿದರು. ರೈತರು ತೋಟದಲ್ಲಿದ್ದರು. ಬರುವವರೆಗೆ ಇಬ್ಬರೂ ಜಗುಲಿಯ ಮೇಲೆ ಕುಳಿತು ಕಾದರು.

“ತಪ್ಪು ನಮ್ಮದೇ. ಎಣಿಸಿಕೊಳ್ಳಿ” ಎಂದು ಮಗ ಹಣ ಮುಂದಿಟ್ಟ.

ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಮಂಡಿಯ ಹಣವನ್ನು ಎಣಿಸಿಕೊಳ್ಳದಿದ್ದ ರೈತರು ಅಂದು ಕುಳಿತು, ಒಂದೊಂದೇ ನೋಟನ್ನು ಎಣಿಸಿದರು. ಯಜಮಾನರು ಅದು ಮುಗಿಯುವವರೆಗೂ ಕಾದು, ಅವರ ಮನೆಯ ನೀರು ಕುಡಿದು ಎದ್ದರು.