ಶಿವಗಂಗೆಗೆ ಯಾವ ಕಾಲ ಚೆನ್ನ?

ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ನೆಲಮಂಗಲದ ಮನೆಗಳಲ್ಲೂ ಬೆಟ್ಟದ ಮಾತು ಶುರು. ಮಕ್ಕಳಿಗೆ ಶಿಮ್ಲಾ ನೋಡುವ ಆಸೆ, ಅಪ್ಪನಿಗೆ ರೈಲು ಟಿಕೆಟ್ಟಿನ ಚಿಂತೆ. ಕೊನೆಗೆ ಅಮ್ಮನೇ ತೀರ್ಪು ಕೊಡುತ್ತಾರೆ: "ಅಷ್ಟು ದೂರ ಯಾಕೆ? ಇಲ್ಲೇ ಶಿವಗಂಗೆ ಇದೆಯಲ್ಲ, ನಾಳೆಯೇ ಹೋಗಿ ಬನ್ನಿ." ಬೆಟ್ಟವೇನೋ ಇದೇ ತಾಲ್ಲೂಕಿನದು. ಆದರೆ ಶಿಮ್ಲಾಕ್ಕೆ ಒಪ್ಪುವ ತಿಂಗಳು ಶಿವಗಂಗೆಗೆ ಒಪ್ಪುವುದಿಲ್ಲ.

ಶಿಮ್ಲಾ ಇರುವುದು ಸುಮಾರು 7,200 ಅಡಿ ಎತ್ತರದಲ್ಲಿ. ಮೇ ತಿಂಗಳಲ್ಲಿ ಉತ್ತರದ ಬಯಲು ಕಾದ ಕಾವಲಿಯಾಗಿರುವಾಗ ಅಲ್ಲಿ ದೇವದಾರು ಮರಗಳ ತಂಪು. ಬ್ರಿಟಿಷರು 1864ರಲ್ಲಿ ಅದನ್ನು ಬೇಸಿಗೆ ರಾಜಧಾನಿ ಮಾಡಿಕೊಂಡದ್ದೂ ಇದಕ್ಕಾಗಿಯೇ. ಅಲ್ಲಿ ಅಂಜಬೇಕಾದದ್ದು ಮುಂಗಾರಿಗೆ. 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್‌ನಲ್ಲಿ ಗುಡ್ಡ ಕುಸಿದು, ಶಿವಮಂದಿರವೊಂದು ಕೊಚ್ಚಿಹೋಗಿ, ಇಪ್ಪತ್ತು ಜನ ಪ್ರಾಣ ಕಳೆದುಕೊಂಡರು. ಅಕ್ಟೋಬರ್ ಹೊತ್ತಿಗೆ ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುತ್ತದೆ. ನಮ್ಮ ದಸರಾ ರಜೆಗೆ ಅದು ಹೇಳಿ ಮಾಡಿಸಿದ ಊರು.

ಶಿವಗಂಗೆಯ ಎತ್ತರ ನಾಲ್ಕೂವರೆ ಸಾವಿರ ಅಡಿಯಷ್ಟು. ನೆಲಮಂಗಲ ಪಟ್ಟಣದ್ದು ಸುಮಾರು 2,900. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆಂದು ಪಾಠದಲ್ಲಿ ಓದಿದ ಮಕ್ಕಳು ಲೆಕ್ಕ ಹಾಕಲಿ: ಪಟ್ಟಣಕ್ಕಿಂತ ಬೆಟ್ಟದ ತುದಿ ಮೂರು ಡಿಗ್ರಿ ತಂಪು. ಆದರೆ ಇದು ಗಾಳಿಯ ಲೆಕ್ಕ. ಬಂಡೆಯ ಲೆಕ್ಕವೇ ಬೇರೆ.

ಗಂಗಾಧರೇಶ್ವರನ ಗುಹಾದೇವಾಲಯದವರೆಗೆ ತೊಂದರೆಯಿಲ್ಲ. ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ಇರುವುದು ಇಲ್ಲೇ. ಮೇಲೆ ಒಳಕಲ್ಲು ತೀರ್ಥದಲ್ಲಿ ಒರಳಿನಂಥ ಕುಳಿಗೆ ಕೈ ಇಳಿಸಿ, ನೀರು ಸಿಕ್ಕವರು ಹಿಗ್ಗುತ್ತಾರೆ, ಸಿಗದವರು ಮತ್ತೊಮ್ಮೆ ತೋಳು ಚಾಚುತ್ತಾರೆ. ಅಲ್ಲಿಂದಾಚೆಗೆ ನಿಜವಾದ ಏರು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ, ನೆರಳು ಕಡಿಮೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೇ ಕಲ್ಲು ಸುಡುತ್ತದೆ. ಹರಕೆಯೆಂದು ಬರಿಗಾಲಲ್ಲಿ ಹೊರಟ ಅಜ್ಜಿ ನಡುದಾರಿಯಲ್ಲಿ ಏನು ಮಾಡಬೇಕು?

ಬಿಸಿಲಿಗಿಂತ ಕೆಟ್ಟದ್ದು ಮಧ್ಯಾಹ್ನದ ಮಳೆ. ಭರಣಿ ಮಳೆ ರೈತರಿಗೆ ಬೇಕು. ಆದರೆ ಅದು ಬರುವುದು ಗುಡುಗು ಸಿಡಿಲಿನ ಜೊತೆಗೆ, ಏಪ್ರಿಲ್ ಕೊನೆಗೆ, ಮಕ್ಕಳಿಗೆ ರಜೆ ಇರುವಾಗಲೇ. ಬೋಳು ಬಂಡೆಯ ನೆತ್ತಿಯ ಮೇಲೆ ನಿಂತವರಿಗೆ ಆಸರೆಯಿಲ್ಲ. ಕೈಯಲ್ಲಿ ಹಿಡಿದ ಕಬ್ಬಿಣದ ಕಂಬಿಯೇ ಅಪಾಯ. ದೂರದ ಗುಡುಗು ಕೇಳಿಸಿದರೂ ಇಳಿಯಲು ಹೊರಡಬೇಕು. ತುದಿ ಇನ್ನೈದು ನಿಮಿಷವೆಂದು ಹುಡುಗರು ಹಟ ಹಿಡಿದರೆ ತಂದೆಯಾದವರು ಬಗ್ಗಬಾರದು.

ಹಾಗಾದರೆ ದಸರಾ ರಜೆ? ಅದೂ ಅಷ್ಟಕ್ಕಷ್ಟೆ. ಈ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಮಳೆ ಜೋರು. ಹಸ್ತ, ಚಿತ್ತ ಮಳೆಗಳಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತದೆ. ಬೆಟ್ಟ ಹಸಿರಾಗಿ ಕಣ್ಣಿಗೆ ಹಬ್ಬವೇನೋ ನಿಜ. ಈ ಸೀಮೆಯ ನೀರೇ ಕುಮುದ್ವತಿಯಾಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅದನ್ನು ಕೆಳಗಿನ ದೇವಾಲಯದ ಬಳಿ ನಿಂತು ನೋಡಿ ಬಂದರೆ ಸಾಕು.

ಸ್ವಾತಿ ಮಳೆ ಮುಗಿಯಲಿ. ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗಿನದೇ ಶಿವಗಂಗೆಯ ಕಾಲ. ಕಲ್ಲು ಒಣಗಿರುತ್ತದೆ, ಬಿಸಿಲು ಹಿತ. ಕೆಳಗಿನ ಹೊಲಗಳಲ್ಲಿ ರಾಗಿ ಕೊಯ್ಲು, ಡಿಸೆಂಬರಿನಲ್ಲಿ ಸಂತೆಗೆ ಸೊಗಡಿನ ಅವರೆಕಾಯಿ. ಕೋಡುಗಲ್ಲಿನ ಮೇಲೆ ಕೆತ್ತಿದ ಬಸವಣ್ಣನ ಬಳಿ ನಿಂತರೆ ಗಾಳಿ ಅಂಗಿ ಎಳೆಯುತ್ತದೆ. ಉತ್ತರಕ್ಕೆ ದೇವರಾಯನದುರ್ಗ, ದಕ್ಷಿಣಕ್ಕೆ ಸಾವನದುರ್ಗದ ಕಡೆಗೆ ಕಣ್ಣು ಹಾಯಿಸಬಹುದು. ಮುಂಜಾನೆ ಮಂಜು ಕವಿದಿದ್ದರೆ ಒಂಬತ್ತರವರೆಗೆ ಕಾಯಬೇಕಷ್ಟೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಶಿವಗಂಗೆಯಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆಕೆ ಧುಮುಕಿದಳೆನ್ನುವ ಅಂಚನ್ನು ಜನ ತೋರಿಸುತ್ತಾರೆ. ಆ ಕಥೆಯನ್ನು ಅಂಚಿನಿಂದ ದೂರದಲ್ಲೇ ಕೂತು ಮಕ್ಕಳಿಗೆ ಹೇಳಿ.

ಸಂಕ್ರಾಂತಿಯ ಮಾತು ಬೇರೆ. ಅಂದು ತುದಿಯ ತೀರ್ಥಕಂಬದ ಬುಡದಲ್ಲಿ ನೀರು ಜಿನುಗುತ್ತದೆಂಬುದು ಭಕ್ತರ ನಂಬಿಕೆ. ಗಿರಿಜಾ ಕಲ್ಯಾಣಕ್ಕೆ ಜನಸಾಗರ ಸೇರುತ್ತದೆ. ಜಾತ್ರೆ ನೋಡುವ ಆಸೆಯಿದ್ದವರು ಅಂದೇ ಹೋಗಲಿ, ಆದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕಡಿದಾದ ಮೆಟ್ಟಿಲ ಸಾಲಿನಲ್ಲಿ ಸಿಕ್ಕಿಕೊಳ್ಳುವುದು ಬೇಡ. ಬೆಟ್ಟ ಹತ್ತುವ ಉದ್ದೇಶವಾದರೆ ಹಬ್ಬಕ್ಕೆ ಮೊದಲೋ ಆಮೇಲೋ ಬರುವ ಒಂದು ಭಾನುವಾರ ಸಾಕು.

ನೆಲಮಂಗಲದಿಂದ ತುಮಕೂರು ರಸ್ತೆಯಲ್ಲಿ ಹೋಗಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಬೇಕು. ಬೆಳಿಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೆ ಕೆಳಗಿರಬಹುದು. ನೀರು ಮನೆಯಿಂದಲೇ ಒಯ್ಯಿರಿ. ಬುತ್ತಿಯನ್ನು ಚೀಲದ ತಳದಲ್ಲಿಟ್ಟು ಬಾಯಿ ಬಿಗಿಯಾಗಿ ಕಟ್ಟಿರಿ. ಇಲ್ಲಿನ ಕೋತಿಗಳಿಗೆ ಎಲ್ಲ ಕಾಲವೂ ಒಂದೇ.