ಮೋಟಾರಿಗೂ ಅಗಳಿ ಬೇಕೆ?

ಮೊದಲಿನ ಕಾಲದ ಬಸ್ಸಿನಲ್ಲಿ ದೀಪಕ್ಕೊಂದು ತಂತಿ, ಹಾರನ್ನಿಗೊಂದು ತಂತಿ. ಕೆಟ್ಟರೆ ಡ್ರೈವರನೇ ಬಿಚ್ಚಿ ಸರಿಮಾಡುತ್ತಿದ್ದ. ಇಂದಿನ ಕಾರಿನ ಸಂಸಾರವೇ ಬೇರೆ. ಇಂಜಿನಿಗೊಂದು, ಬ್ರೇಕಿಗೊಂದು, ಬಾಗಿಲಿಗೊಂದು ಎಂದು ಅದರೊಳಗೆ ಹತ್ತಾರು ಪುಟ್ಟ ಗಣಕಗಳಿವೆ. ಒಂದೊಂದಕ್ಕೂ ಬೇರೆ ತಂತಿ ಎಳೆದರೆ ತಂತಿಯ ಭಾರವೇ ಅತಿಯಾದೀತು. ಆದುದರಿಂದ ಜರ್ಮನಿಯ ಬಾಷ್ ಕಂಪನಿಯವರು 1986ರಲ್ಲಿ ‘ಕ್ಯಾನ್’ ಎಂಬ ಏರ್ಪಾಡನ್ನು ಲೋಕದ ಮುಂದಿಟ್ಟರು. ಇದರಲ್ಲಿ ಒಂದೇ ಜೋಡಿ ತಂತಿಯ ಮೇಲೆ ಗಣಕಗಳೆಲ್ಲ ಮಾತನಾಡುತ್ತವೆ, ಎಲ್ಲವೂ ಕೇಳಿಸಿಕೊಳ್ಳುತ್ತವೆ. ಥೇಟ್ ನಮ್ಮ ಅರಳಿಕಟ್ಟೆ! ಆದರೆ ಮಾತು ಆಡಿದವರು ಯಾರೆಂದು ಪರೀಕ್ಷಿಸುವ ಕ್ರಮ ಅದರಲ್ಲಿ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತವರೆಲ್ಲ ಮನೆಯವರೇ ಆಗಿದ್ದಾಗ ಪರೀಕ್ಷೆ ಯಾರಿಗೆ ಬೇಕು?

ಮುಂದೆ ಕಾರಿಗೂ ಇಂಟರ್‌ನೆಟ್ ಬಂದಿತು. ಪರಸ್ಥಳದವರಿಗೂ ದಾರಿ ತೆರೆಯಿತು. 2015ರಲ್ಲಿ ಅಮೆರಿಕದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಇಬ್ಬರು ಮನೆಯಲ್ಲಿ ಕುಳಿತೇ, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ರೇಡಿಯೊ ಕೂಗಿಸಿದರು, ವೈಪರ್ ಆಡಿಸಿದರು, ಕೊನೆಗೆ ಆಕ್ಸಿಲರೇಟರ್ ತುಳಿದರೂ ವೇಗ ಏರದಂತೆ ಮಾಡಿದರು. ಕಾರು ನಡೆಸುತ್ತಿದ್ದ ಪತ್ರಕರ್ತ ಮೊದಲೇ ಒಪ್ಪಿ ಕುಳಿತವನು. ದೋಷವನ್ನು ತೋರಿಸಿಕೊಡುವುದಷ್ಟೇ ಅವರ ಉದ್ದೇಶ. ಅದಾದ ಮೇಲೆ ಕಂಪನಿಯು 14 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಕರೆಸಬೇಕಾಯಿತು. 2021ರಲ್ಲಿ ವಾಹನಗಳ ಸೈಬರ್ ಭದ್ರತೆಗೆಂದೇ ಅಂತರರಾಷ್ಟ್ರೀಯ ಮಾನದಂಡವೊಂದು ಹೊರಬಂದಿತು.

ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಪಿ.ಯು.ಸಿ. ಮುಗಿಸುತ್ತಿರುವ ನನ್ನ ತಂಗಿ ಇದೇ ವೃತ್ತಿಗೆ ಹೋಗುವೆನೆಂದು ಹಟ ಹಿಡಿದಳು. ಗುಬ್ಬಿಯ ದಾರಿಗಳಲ್ಲಿ ಬಸ್ಸು ನಡೆಸಿಯೇ ಕೂದಲು ನರೆತ ನಮ್ಮ ತಂದೆಯವರು, “ಬೀಗ ಹಾಕಿ ಕೀಲಿಕೈ ಜೇಬಿಗಿಟ್ಟುಕೊಂಡರೆ ಆಯಿತಪ್ಪ, ಅದಕ್ಕೂ ಒಬ್ಬ ಇಂಜಿನಿಯರೇ?” ಎಂದರು. ಸಾಲ ಮಾಡಿ ಓದಿಸಬೇಕಾದವರ ಮಾತು ಅದು, ನಕ್ಕು ತಳ್ಳುವಂತಿರಲಿಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನಾದ್ದರಿಂದ, ಉತ್ತರ ಹುಡುಕುವ ಭಾರ ನನ್ನ ಮೇಲೆ ಬಿತ್ತು.

ವಿಚಾರಿಸಿದಾಗ ತಿಳಿದದ್ದಿಷ್ಟು. ಈ ಇಂಜಿನಿಯರಿಗೆ ಮೊದಲ ಪಾಠ ತಂತಿ, ಫ್ಯೂಸು, ರಿಲೇಗಳದ್ದೇ. ಆಮೇಲೆ ಆತ ಕಳ್ಳನ ಹಾಗೆ ಯೋಚಿಸಬೇಕು: ಎಲ್ಲಿಂದ ನುಗ್ಗಬಹುದು, ನುಗ್ಗಿದರೆ ಯಾರ ಪ್ರಾಣಕ್ಕೆ ಕುತ್ತು? ರೇಡಿಯೊಗೂ ಬ್ರೇಕಿಗೂ ನಡುವೆ ಕಾವಲು ಕಟ್ಟಬೇಕು. ಸಂದೇಶಕ್ಕೆ ಗುಟ್ಟಿನ ಮುದ್ರೆ ಒತ್ತಬೇಕು. ತಾನು ಕಟ್ಟಿದ್ದನ್ನು ತಾನೇ ಮುರಿಯಲು ನೋಡಬೇಕು. ಕಾರು ಮಾರಾಟವಾದ ಮೇಲೂ ಹೊಸ ಬಿರುಕು ಕಂಡರೆ ಮುಚ್ಚಬೇಕು. 1951ರಲ್ಲಿ ಮೈಕೋ ಎಂದು ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಬೆಂಗಳೂರಿನಲ್ಲೇ ಇದೆ. ಇಂಥ ಉದ್ಯೋಗಕ್ಕೆ ಸಮುದ್ರ ದಾಟಲೇಬೇಕೆಂದಿಲ್ಲ.

ಆದರೂ ಇದರಲ್ಲೊಂದು ಕಷ್ಟವಿದೆ. ಕೆಲಸ ಚೆನ್ನಾಗಿ ನಡೆದರೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿದ್ದರೆ ಹೊಗಳುವವರೂ ಇಲ್ಲ. ಇದನ್ನು ತಂದೆಯವರಿಗೆ ಹೇಳಿ, “ಇಷ್ಟು ವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿದಿರಿ, ಯಾವ ಪತ್ರಿಕೆಯವರಾದರೂ ಬರೆದರೆ ಅಪ್ಪ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಂಕಿನ ಅರ್ಜಿ ತರಲು ಹೇಳಿದರು.

ನಮ್ಮಂಥ ಮನೆಗಳಲ್ಲಿ ಹೊಸ ವಿದ್ಯೆಗೆ ಹಣ ಹೊಂದಿಸುವವರು ಅದರ ಹೆಸರನ್ನೂ ಕೇಳಿರುವುದಿಲ್ಲ. ಅವರಿಗೆ ಅದನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಬೇಕು. ಕಲಾ ವಿಭಾಗದ ಗೆಳೆಯರೆ, ಆ ಕೆಲಸಕ್ಕೆ ನಮಗಿಂತ ತಕ್ಕವರು ಯಾರಿದ್ದಾರೆ?