ಹಿಮಚಿರತೆಯ ಚಿತ್ರ ಮತ್ತು ಅದರ ಋಣ

ಅಪರೂಪವಾದುದನ್ನು ಕಾಣಬೇಕೆಂಬ ಬಯಕೆ ಮನುಷ್ಯನಿಗೆ ಸಹಜ. ಕಂಡುದನ್ನು ತನ್ನದಾಗಿಸಿಕೊಳ್ಳಬೇಕೆಂಬ ಆಸೆ ಅದರ ಬೆನ್ನಿಗೇ ಬರುತ್ತದೆ. ಹಿಂದೆ ಅರಸರು ಬಂದೂಕಿನೊಡನೆ ಕಾಡಿಗೆ ಹೋಗಿ ಹುಲಿಯ ಚರ್ಮವನ್ನು ತಂದು ಗೋಡೆಗೆ ಹಾಕುತ್ತಿದ್ದರು. ಇಂದಿನವರು ಕ್ಯಾಮೆರಾದೊಡನೆ ಹೋಗಿ ಚಿತ್ರವನ್ನು ತಂದು ಹಾಕುತ್ತಾರೆ. ಒಂದು ಪ್ರಾಣ ಉಳಿಯಿತೆಂಬುದು ದೊಡ್ಡ ಲಾಭವೇ ಸರಿ. ಆದರೆ ಅಷ್ಟಕ್ಕೇ ಲೆಕ್ಕ ಮುಗಿಯಿತೆ?

ನನ್ನ ತಂಗಿಯ ಮಗನಿಗೆ ವನ್ಯಜೀವಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸವಿದೆ. ಕೆಲವು ವರ್ಷಗಳ ಹಿಂದೆ ಆತ ಫೆಬ್ರವರಿ ತಿಂಗಳಲ್ಲಿ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ರುಂಬಕ್ ಗ್ರಾಮದ ಮನೆಯೊಂದರಲ್ಲಿ ತಂಗಿದ್ದನು. ನೀರು ಹೆಪ್ಪುಗಟ್ಟುವ ಅಂಥ ಚಳಿಯಲ್ಲೇ ಏಕೆ ಹೋಗಬೇಕೆಂದು ಕೇಳಿದೆ. ಹಿಮ ಬಿದ್ದಾಗ ಭರಲ್ ಎಂಬ ಕಾಡುಕುರಿಗಳು ಮೇವನ್ನರಸಿ ಕೆಳಗಿನ ಕಣಿವೆಗಳಿಗೆ ಇಳಿಯುತ್ತವೆ. ಅವುಗಳ ಹಿಂದೆ ಹಿಮಚಿರತೆಯೂ ಬರುತ್ತದೆ. ಅದು ಜೊತೆಗಾರನನ್ನು ಅರಸುವ ಕಾಲವೂ ಅದೇ. ಹೊಸ ಹಿಮದ ಮೇಲೆ ಹೆಜ್ಜೆಯ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ಹೀಗಿದ್ದೂ ಹತ್ತು ದಿನ ದುರ್ಬೀನು ಹಿಡಿದು ಕುಳಿತವನಿಗೆ ಅದು ಕಂಡದ್ದು ಒಮ್ಮೆ ಮಾತ್ರ, ಆಚೆಯ ಬೆಟ್ಟದ ಬಂಡೆಗಳ ನಡುವೆ. "ಮಾವ, ಬಾಲ ಅಲುಗದಿದ್ದರೆ ಅದೂ ಕಲ್ಲೇ ಎಂದುಕೊಳ್ಳುತ್ತಿದ್ದೆ" ಎಂದನು. ಇನ್ನಷ್ಟು ಹತ್ತಿರ ಹೋಗಲು ಊರಿನ ಮಾರ್ಗದರ್ಶಿ ಬಿಡಲಿಲ್ಲವಂತೆ.

ಈ ಪ್ರಾಣಿಯನ್ನು ಚಿತ್ರದಲ್ಲಿ ಹಿಡಿದವರ ಚರಿತ್ರೆಯೂ ಹೀಗೆ ತಾಳ್ಮೆಯದೇ. 1970ರಲ್ಲಿ ಜಾರ್ಜ್ ಶಾಲರ್ ಅವರು ಪಾಕಿಸ್ತಾನದ ಚಿತ್ರಾಲ್ ಪ್ರದೇಶದಲ್ಲಿ ತೆಗೆದ ಚಿತ್ರಗಳು ಕಾಡಿನಲ್ಲಿ ಸ್ವತಂತ್ರವಾಗಿದ್ದ ಹಿಮಚಿರತೆಯ ಮೊದಲ ಚಿತ್ರಗಳೆಂದು ಪ್ರಸಿದ್ಧವಾಗಿವೆ. ಸ್ಟೀವ್ ವಿಂಟರ್ ಅವರು ಹೆಮಿಸ್‌ನಲ್ಲಿ ಪ್ರಾಣಿಯ ಹಾದಿಯಲ್ಲೇ ಕ್ಯಾಮೆರಾಗಳನ್ನು ಇರಿಸಿ ತಿಂಗಳುಗಟ್ಟಲೆ ಕಾದರು. ರಾತ್ರಿ ಸುರಿಯುವ ಹಿಮದಲ್ಲಿ ತಾನಾಗಿಯೇ ಎದುರಿಗೆ ಬಂದ ಚಿರತೆಯ ಚಿತ್ರಕ್ಕೆ 2008ರಲ್ಲಿ ಅವರು ವರ್ಷದ ವನ್ಯಜೀವಿ ಛಾಯಾಗ್ರಾಹಕರೆಂಬ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು. ಇಂತಹ ಸ್ವಯಂಚಾಲಿತ ಕ್ಯಾಮೆರಾಗಳೇ ಇಂದು ಗಣತಿಗೂ ಸಾಧನ. ಒಂದು ಚಿರತೆಯ ಮೈಮೇಲಿನ ಮಚ್ಚೆಗಳ ವಿನ್ಯಾಸ ಇನ್ನೊಂದಕ್ಕಿಲ್ಲ, ಖಾತೆದಾರನ ರುಜುವಿದ್ದಂತೆ. ಅದನ್ನು ಗುರುತಿಸಿ ಲೆಕ್ಕ ಹಾಕಿ, 2024ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿ ಭಾರತದಲ್ಲಿ 718 ಹಿಮಚಿರತೆಗಳಿವೆಯೆಂದು ಅಂದಾಜಿಸಿತು. ಅವುಗಳಲ್ಲಿ 477 ಲಡಾಖಿನವು.

ಕಿರ್ದಿ ಖತಾವಣಿ ಬರೆಯುತ್ತ ಬಾಳು ಸವೆಸಿದ ನನಗೆ ಚಿತ್ರವನ್ನು ಕಂಡಾಗಲೆಲ್ಲ ಖರ್ಚಿನ ಕಡೆಯ ಪುಟವೂ ನೆನಪಾಗುತ್ತದೆ. ಕ್ಯಾಮೆರಾ, ಪ್ರಯಾಣ, ವಸತಿಗಳ ವೆಚ್ಚವನ್ನು ನನ್ನ ಸೋದರಳಿಯನೇ ತೆತ್ತನು. ಆದರೆ ಪುಸ್ತಕದಲ್ಲಿ ಕಾಣದ ಬಾಕಿಗಳು ಎರಡಿವೆ.

ಮೊದಲನೆಯದು ಆ ಪ್ರಾಣಿಯದು. ದೊಡ್ಡ ಬೇಟೆ ಅದಕ್ಕೆ ದಿನವೂ ಸಿಗುವುದಿಲ್ಲ. ಸಿಕ್ಕಾಗ ಹಲವು ದಿನ ಅದರ ಬಳಿಯೇ ಇದ್ದು ಹಸಿವು ನೀಗಿಸಿಕೊಳ್ಳುತ್ತದೆ. ಚಿತ್ರದ ಆಸೆಯಿಂದ ಹತ್ತಾರು ಜನ ಸಮೀಪಿಸಿ ಅದನ್ನು ಎಬ್ಬಿಸಿದರೆ, ಆಹಾರವನ್ನು ಬಿಟ್ಟು ಆಳವಾದ ಹಿಮದಲ್ಲಿ ಓಡಬೇಕಾಗುತ್ತದೆ. ಕೊಲ್ಲದೆಯೂ ಹಿಂಸೆ ನಡೆಯುವುದು ಹೀಗೆ. ಮಾಂಸಾಹಾರಿ ಮೃಗದ ನೆಮ್ಮದಿಯ ಚಿಂತೆ ನಮಗೇಕೆಂದು ಕೇಳುವವರುಂಟು. ಅದು ತನ್ನ ಸ್ವಭಾವದಂತೆ ಬದುಕುತ್ತದೆ. ವಿವೇಕದ ಹೊಣೆ ಇರುವುದು ವಿವೇಕವುಳ್ಳವರಿಗೆ.

ಎರಡನೆಯ ಬಾಕಿ ಕುರಿಗಾಹಿಯದು. ರಾತ್ರಿಯ ವೇಳೆ ದೊಡ್ಡಿಯೊಳಗೆ ಇಳಿದ ಹಿಮಚಿರತೆ ಒಂದೇ ಕುರಿಗೆ ನಿಲ್ಲದೆ ಹಲವನ್ನು ಕೊಲ್ಲುವುದುಂಟು. ಬಡ ಸಂಸಾರಕ್ಕೆ ಅದು ಅಂಗಡಿಗೆ ಬೆಂಕಿ ಬಿದ್ದಂತೆ. ನಾವು ಕೊಂಡಾಡುವ ಚೆಲುವಿಗೆ ಬೆಲೆ ತೆರುವವನು ಅವನಾದರೆ, ಅವನು ಸಿಟ್ಟಾಗುವುದರಲ್ಲಿ ಅನ್ಯಾಯವೇನು?

ಈ ಬಾಕಿಯನ್ನು ತೀರಿಸುವ ದಾರಿಯನ್ನೂ ಬಲ್ಲವರು ಕಂಡುಕೊಂಡಿದ್ದಾರೆ. ಲಡಾಖಿನಲ್ಲಿ ದೊಡ್ಡಿಗಳ ಮೇಲೆ ತಂತಿಬಲೆ ಹೊದಿಸಿ, ಗಟ್ಟಿಯಾದ ಬಾಗಿಲಿಟ್ಟಿದ್ದಾರೆ. ನೋಡಲು ಬಂದವರನ್ನು ತಮ್ಮ ಮನೆಗಳಲ್ಲೇ ಉಳಿಸಿಕೊಂಡು ಹಳ್ಳಿಗರು ಸಂಪಾದಿಸುತ್ತಾರೆ. ಹಿಮಾಚಲದ ಸ್ಪಿತಿ ಪ್ರದೇಶದ ಕಿಬ್ಬರ್ ಗ್ರಾಮದಲ್ಲಿ 2002ರಲ್ಲಿ ಜಾನುವಾರು ವಿಮೆ ಆರಂಭವಾಯಿತು. ಊರವರು ಕಂತು ಕಟ್ಟುತ್ತಾರೆ, ಊರವರೇ ನಷ್ಟವನ್ನು ಪರಿಶೀಲಿಸುತ್ತಾರೆ. ಇದಕ್ಕೆ ಒತ್ತಾಸೆಯಾಗಿ ನಿಂತದ್ದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ದಯೆಯನ್ನು ಉಪದೇಶಿಸುವ ಮೊದಲು ನಷ್ಟವನ್ನು ಹಂಚಿಕೊಂಡ ಈ ಕ್ರಮ ವ್ಯಾಪಾರಿಗಳಾದ ನಮಗೆ ಸುಲಭವಾಗಿ ಅರ್ಥವಾಗಬೇಕು.

ನಮ್ಮ ಅಂಗಡಿಗಳೂ ಟ್ರಸ್ಟುಗಳೂ ಕ್ಯಾಲೆಂಡರಿಗೆ ವನ್ಯಮೃಗಗಳ ಚಿತ್ರಗಳನ್ನು ಆರಿಸುವಾಗ ಒಂದು ಮಾತು ವಿಚಾರಿಸಬಹುದು: ಇದನ್ನು ದೂರದಿಂದ ಕಾದು ತೆಗೆದದ್ದೇ, ಇಲ್ಲವೇ ಅಟ್ಟಿಯೋ ಆಮಿಷವೊಡ್ಡಿಯೋ ತೆಗೆದದ್ದೇ? ಮುದ್ರಣಕ್ಕೆ ವ್ಯಯಿಸುವ ಹಣದಲ್ಲಿ ಅಲ್ಪಭಾಗವನ್ನು ಯಾವುದೋ ಹಳ್ಳಿಯ ದೊಡ್ಡಿಯ ಬಾಗಿಲಿಗೆ ಕಳಿಸಲೂಬಹುದು. ಸೋದರಳಿಯನ ಚಿತ್ರ ನಮ್ಮ ಮನೆಯಲ್ಲಿದೆ. ಚಿರತೆ ಅದರಲ್ಲಿ ಬೆರಳ ತುದಿಯಷ್ಟೇ ಕಾಣುತ್ತದೆ. ದೊಡ್ಡದಾಗಿ ಬಂದಿದ್ದರೆ ಚೆನ್ನಾಗಿತ್ತೆಂದು ಬಂದವರು ಹೇಳುತ್ತಾರೆ. ಅದನ್ನು ಎಬ್ಬಿಸದೆ ಹಿಂದಿರುಗಿದ ಹುಡುಗನ ಸಂಯಮ ಆ ಅಳತೆಯಲ್ಲೇ ಇದೆಯೆಂದು ನಾನು ಉತ್ತರಿಸುತ್ತೇನೆ.